ಮನೆಯಲ್ಲಿ ಕೇಕ್ ಅಲಂಕಾರಕ್ಕೆ ಕಮ್ಮಿ ಬೆಲೆಯ ಏರ್‌ಬ್ರಶ್: ದುಡ್ಡು ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು

ಏರ್‌ಬ್ರಶ್, ಅಂದರೆ ಗಾಳಿಯ ಒತ್ತಡದಿಂದ ಬಣ್ಣವನ್ನು ಮಂಜಿನ ಹಾಗೆ ಸಿಂಪಡಿಸುವ ಸಾಧನ, ಕೊಳ್ಳಲು ಹೊರಟವರ ಕಣ್ಣು ಮೊದಲು ಹೋಗುವುದು ಕೈಯಲ್ಲಿ ಹಿಡಿಯುವ ಗನ್ನಿನ ಮೇಲೆ. ಫಳಫಳ ಹೊಳೆಯುವ ಕ್ರೋಮ್, ಜೊತೆಗೆ ಮೂರು ನಾಜಲ್ (ಬಣ್ಣ ಹೊರಬರುವ ಪುಟ್ಟ ತುದಿ), ಹತ್ತಾರು ಬಣ್ಣದ ಬಾಟಲಿ, ಸ್ಟೆನ್ಸಿಲ್, ಎಲ್ಲ ಒಂದೇ ಡಬ್ಬದಲ್ಲಿ. ಆದರೆ ಕೇಕಿನ ಮೇಲೆ ಬಣ್ಣ ಹೇಗೆ ಕೂರುತ್ತದೆ ಅನ್ನುವುದು ಆ ಗನ್ನಿಗಿಂತ ಜಾಸ್ತಿ ಅದರ ಹಿಂದೆ ಕೂತು ಗುರ್ ಅನ್ನುವ, ಗಾಳಿ ಒತ್ತಿ ಕಳಿಸುವ ಕಂಪ್ರೆಸರ್ ಮೇಲೆ ನಿಂತಿದೆ. ಕಮ್ಮಿ ಬೆಲೆಯ ಗನ್ ಕೇಕ್ ಕೆಲಸಕ್ಕೆ ಧಾರಾಳವಾಗಿ ಸಾಕು. ಕಮ್ಮಿ ಬೆಲೆಯ ಗಾಳಿ ಮಾತ್ರ ಕೈಕೊಡುತ್ತದೆ. ಇಷ್ಟು ತಲೆಯಲ್ಲಿ ಇಟ್ಟುಕೊಂಡರೆ ಮುಂದಿನ ಲೆಕ್ಕವೆಲ್ಲ ಸುಲಭ.

ಹೆಜ್ಜೆ 1: ನಿಮ್ಮ ಕೆಲಸ ಯಾವುದು ಅಂತ ಮೊದಲು ನೋಡಿಕೊಳ್ಳಿ

ಕೇಕ್ ಮೇಲೆ ಏರ್‌ಬ್ರಶ್ ಮಾಡುವ ಕೆಲಸ ಮೂರು ಥರ. ಒಂದು, ಇಡೀ ಕೇಕಿಗೆ ಒಂದೇ ಬಣ್ಣ ಬಳಿಯುವುದು ಅಥವಾ ಗಾಢದಿಂದ ತಿಳಿಗೆ ಇಳಿಸುತ್ತಾ ಹೋಗುವುದು. ಎರಡು, ಸ್ಟೆನ್ಸಿಲ್ ಇಟ್ಟು ಬಣ್ಣ ಹೊಡೆಯುವುದು, ಹೂವಿನ ಎಸಳಿಗೆ, ಎಲೆ ಅಂಚಿಗೆ ನೆರಳು ಕೊಡುವುದು. ಮೂರು, ಬರಿಗೈಯಲ್ಲಿ ಸಣ್ಣ ಗೆರೆ ಎಳೆಯುವುದು, ಮುಖ, ಅಕ್ಷರ ಬರೆಯುವುದು.

ಮನೆಯಲ್ಲಿ ಕೇಕ್ ಮಾಡುವ ಬಹಳಷ್ಟು ಜನ ಮೊದಲ ಎರಡರಲ್ಲೇ ಇರುತ್ತಾರೆ. ಅಂಥವರಿಗೆ ಕೂದಲೆಳೆಯಂಥ ಗೆರೆ ಎಳೆಯುವ ಗನ್ ಬೇಕಿಲ್ಲ, ಅದಕ್ಕೆ ದುಡ್ಡು ಸುರಿಯುವುದು ದಂಡ. ಮೂರನೆಯ ಕೆಲಸ ನಿಜವಾಗಿಯೂ ಮಾಡುತ್ತೀರಾದರೆ ಮಾತ್ರ ಗನ್ನಿನ ಸೂಕ್ಷ್ಮದ ಬಗ್ಗೆ ತಲೆಕೆಡಿಸಿಕೊಳ್ಳಿ.

ಇನ್ನೊಂದು ಪ್ರಶ್ನೆ: ಕೇಕಿನ ಹೊರಮೈ ಯಾವುದು? ಫಾಂಡೆಂಟ್ (ಸಕ್ಕರೆ ಹಿಟ್ಟಿನ ಹೊದಿಕೆ) ಗಟ್ಟಿ, ಎಷ್ಟು ಗಾಳಿ ಬಿದ್ದರೂ ಅಲ್ಲಾಡುವುದಿಲ್ಲ. ತಣ್ಣಗೆ ಮಾಡಿದ ಬಟರ್‌ಕ್ರೀಮ್ ಕೂಡ ಪರವಾಗಿಲ್ಲ. ವಿಪ್ಪಿಂಗ್ ಕ್ರೀಮ್ ಮಾತ್ರ ತುಂಬ ಮೆತ್ತಗೆ. ಜೋರು ಗಾಳಿ ಹತ್ತಿರದಿಂದ ಬಿದ್ದರೆ ಕ್ರೀಮಿನಲ್ಲಿ ಸಣ್ಣ ಹಳ್ಳವೇ ಬೀಳುತ್ತದೆ, ಬಣ್ಣ ಆ ಹಳ್ಳದಲ್ಲಿ ನಿಂತು ಕೆಳಗೆ ಜಾರುತ್ತದೆ. ನೀವು ಮಾಡುವುದು ಜಾಸ್ತಿ ವಿಪ್ಪಿಂಗ್ ಕ್ರೀಮ್ ಕೇಕ್ ಆದರೆ ಒತ್ತಡವನ್ನು ಕಮ್ಮಿ ಮಾಡಲು ಬರುವ ಕಂಪ್ರೆಸರ್ ಬೇಕೇ ಬೇಕು. ‘ಆನ್’ ಮತ್ತು ‘ಆಫ್’ ಎರಡೇ ಇರುವುದನ್ನು ಅಲ್ಲೇ ಬಿಟ್ಟು ಮುಂದೆ ಹೋಗಿ.

ಹೆಜ್ಜೆ 2: ಗಾಳಿಯ ಆಯ್ಕೆ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಯಾಕೆಂದರೆ ಅಸಲಿ ವಿಷಯ ಇರುವುದೇ ಇಲ್ಲಿ.

ಮಾರಾಟಕ್ಕೆ ಸಿಗುವುದು ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಕೈಯಲ್ಲಿ ಹಿಡಿಯುವ ಬ್ಯಾಟರಿ ಕಂಪ್ರೆಸರ್. ಗನ್ನಿನ ಬುಡಕ್ಕೇ ಸಿಕ್ಕಿಸಿಕೊಳ್ಳುತ್ತದೆ, ಪೈಪಿಲ್ಲ, ವೈರಿಲ್ಲ, ಚಾರ್ಜ್ ಮಾಡಿದರೆ ಆಯಿತು. ಎರಡನೆಯದು ಅಂಗೈಗಿಂತ ಸ್ವಲ್ಪ ದೊಡ್ಡದಾದ, ಮೇಜಿನ ಮೇಲೆ ಇಡುವ ಪುಟ್ಟ ಕಂಪ್ರೆಸರ್. ‘ಕೇಕ್ ಕಿಟ್’ ಅಂತ ಮಾರುವುದರಲ್ಲಿ ಇದೇ ಜಾಸ್ತಿ, ಮೂರು ಹಂತದ ಒತ್ತಡದ ಗುಂಡಿ ಇರುತ್ತದೆ. ಮೂರನೆಯದು ಎಣ್ಣೆ ಬೇಡದ ಪಿಸ್ಟನ್ ಕಂಪ್ರೆಸರ್, ಕೆಲವಕ್ಕೆ ಸುಮಾರು 3 ಲೀಟರಿನ ಗಾಳಿ ಟ್ಯಾಂಕ್ ಕೂಡ ಇರುತ್ತದೆ. ಇದು ಭಾರ, ಜಾಗ ತಿನ್ನುತ್ತದೆ, ಆದರೆ ವರ್ಷಗಟ್ಟಲೆ ಬಾಳುತ್ತದೆ.

ಮೊದಲೆರಡರ ತೊಂದರೆ ಏನು? ಒಳಗಿನ ಪುಟ್ಟ ಪಂಪು ಗಾಳಿಯನ್ನು ಒಂದೇ ಸಮ ದೂಡುವುದಿಲ್ಲ, ಬಡಿತ ಬಡಿತವಾಗಿ ದೂಡುತ್ತದೆ. ನಡುವೆ ಟ್ಯಾಂಕ್ ಇಲ್ಲದಿದ್ದರೆ ಆ ಬಡಿತ ನೇರವಾಗಿ ಬಣ್ಣಕ್ಕೆ ಬರುತ್ತದೆ. ದೂರದಿಂದ ಹೊಡೆದಾಗ ಕಾಣುವುದಿಲ್ಲ, ಹತ್ತಿರದಿಂದ ಗೆರೆ ಎಳೆದಾಗ ಮಾತ್ರ ಗೆರೆ ಒಂದು ಕಡೆ ದಪ್ಪ, ಒಂದು ಕಡೆ ತೆಳು ಆಗಿ ಬರುತ್ತದೆ. ಉದ್ದನೆಯ ಪೈಪು ಹಾಕಿದರೆ ಇದು ಸ್ವಲ್ಪ ಕಮ್ಮಿಯಾಗುತ್ತದೆ, ಟ್ಯಾಂಕ್ ಇದ್ದರೆ ಪೂರ್ತಿ ಹೋಗುತ್ತದೆ.

ಡಬ್ಬದ ಮೇಲೆ ‘30 ಪಿಎಸ್‌ಐ’ (ಪಿಎಸ್‌ಐ ಅಂದರೆ ಒತ್ತಡದ ಅಳತೆ) ಅಂತ ದೊಡ್ಡದಾಗಿ ಬರೆದಿದ್ದರೆ ಮರುಳಾಗಬೇಡಿ. ಅದು ಸಾಮಾನ್ಯವಾಗಿ ಟ್ರಿಗರ್ ಮುಚ್ಚಿದ್ದಾಗಿನ ಗರಿಷ್ಠ ಒತ್ತಡ. ಟ್ರಿಗರ್ ಒತ್ತಿ ಗಾಳಿ ಹರಿಯಲು ಶುರುವಾದ ಕೂಡಲೇ ಒತ್ತಡ ಇಳಿಯುತ್ತದೆ, ಪುಟ್ಟ ಯಂತ್ರದಲ್ಲಿ ಚೆನ್ನಾಗಿಯೇ ಇಳಿಯುತ್ತದೆ. ನೋಡಬೇಕಾದ್ದು ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ ಕೊಡುತ್ತದೆ ಅನ್ನುವ ಅಂಕಿ. ಸಣ್ಣ ಪಿಸ್ಟನ್ ಕಂಪ್ರೆಸರ್‌ಗಳಲ್ಲಿ ಇದು ಸುಮಾರು 20ರಿಂದ 25 ಲೀಟರ್ ಇರುತ್ತದೆ, ಕೇಕಿನ ಗನ್ನಿಗೆ ಅಷ್ಟು ಬೇಕಾದಷ್ಟಾಯಿತು. ಈ ಅಂಕಿಯನ್ನು ಎಲ್ಲೂ ಬರೆಯದೆ ಬರೀ ಪಿಎಸ್‌ಐ ಹೇಳುವ ಕಿಟ್ ಬಗ್ಗೆ ಸ್ವಲ್ಪ ಅನುಮಾನ ಇರಲಿ.

ಕೇಕ್ ಕೆಲಸಕ್ಕೆ ಬೇಕಾದ ಒತ್ತಡ 10ರಿಂದ 25 ಪಿಎಸ್‌ಐ ಅಷ್ಟೇ. ವಿಪ್ಪಿಂಗ್ ಕ್ರೀಮಿಗೆ 10ರ ಆಸುಪಾಸು, ಬಟರ್‌ಕ್ರೀಮಿಗೆ 15ರಿಂದ 20, ಫಾಂಡೆಂಟ್ ಪೂರ್ತಿ ಬಳಿಯಲು 20ರಿಂದ 25. ಇದಕ್ಕಿಂತ ದೊಡ್ಡ ಸಂಖ್ಯೆಗೆ ದುಡ್ಡು ಕೊಡುವುದರಲ್ಲಿ ಅರ್ಥವಿಲ್ಲ.

ಕಂಪ್ರೆಸರ್‌ಗೆ ನೀರು ಹಿಡಿಯುವ ಬಟ್ಟಲು, ಅಂದರೆ ಮಾಯಿಶ್ಚರ್ ಟ್ರ್ಯಾಪ್, ಇದೆಯಾ ನೋಡಿ. ಗಾಳಿಯನ್ನು ಒತ್ತಿ ತುಂಬಿದಾಗ ಅದರಲ್ಲಿರುವ ತೇವ ನೀರಾಗಿ ಪೈಪಿನೊಳಗೆ ಸೇರುತ್ತದೆ. ಒಂದು ಹನಿ ಗನ್ನಿನ ತುದಿಯಿಂದ ಚಿಮ್ಮಿತು ಅಂತಿಟ್ಟುಕೊಳ್ಳಿ: ನೀಲಿ ಬಳಿದ ಫಾಂಡೆಂಟ್ ಮೇಲೆ ಬಿದ್ದ ಕಡೆ ಬಣ್ಣ ಕರಗಿ ಬಿಳಿ ಚುಕ್ಕೆ, ಸುತ್ತಲೂ ಗಾಢ ನೀಲಿಯ ಬಳೆ. ಅದನ್ನು ಮುಚ್ಚಲು ಮತ್ತೆ ಬಣ್ಣ ಹೊಡೆದರೆ ಆ ಜಾಗ ಇನ್ನೂ ಎದ್ದು ಕಾಣುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇರುವ ದಿನಗಳಲ್ಲಿ ಇದು ಗ್ಯಾರಂಟಿ ಕಾಟ. ಟ್ರ್ಯಾಪ್ ಇಲ್ಲದ ಕಂಪ್ರೆಸರ್ ಈಗಾಗಲೇ ಇದ್ದರೆ ಪೈಪಿಗೆ ಸಿಕ್ಕಿಸುವ ಪುಟ್ಟ ಟ್ರ್ಯಾಪ್ ಬೇರೆಯಾಗಿಯೂ ಸಿಗುತ್ತದೆ.

ಪುಟ್ಟ ಕಂಪ್ರೆಸರ್‌ಗಳು ಬೇಗ ಬಿಸಿಯಾಗುತ್ತವೆ. ಅರ್ಧ ಗಂಟೆಯೊಳಗೇ ನಿಲ್ಲಿಸಿ ಆರಲು ಬಿಡಿ ಅಂತ ಹಲವದರ ಕೈಪಿಡಿಯಲ್ಲೇ ಬರೆದಿರುತ್ತದೆ. ಒಂದು ಕೇಕಿಗೆ ಇದು ತೊಂದರೆಯಲ್ಲ, ಒಂದೇ ದಿನ ನಾಲ್ಕು ಕೇಕಿನ ಆರ್ಡರ್ ಇದ್ದರೆ ತೊಂದರೆ.

ಬೇಡವೇ ಬೇಡ ಅನ್ನುವುದು ಎರಡಿವೆ. ಒಂದು, ಡಬ್ಬಿಯಲ್ಲಿ ತುಂಬಿ ಬರುವ ಗಾಳಿ. ಅದರಲ್ಲಿರುವುದು ಸಾಮಾನ್ಯವಾಗಿ ಗಾಳಿಯೇ ಅಲ್ಲ, ದ್ರವವಾಗಿಸಿ ತುಂಬಿದ ಬೇರೆ ಅನಿಲ, ತಿನ್ನುವ ಪದಾರ್ಥದ ಮೇಲೆ ಹೊಡೆಯಲು ಮಾಡಿದ್ದಲ್ಲ. ಮೇಲಾಗಿ ಬಳಸುತ್ತಾ ಹೋದಂತೆ ಡಬ್ಬಿ ತಣ್ಣಗಾಗಿ ಒತ್ತಡ ಬಿದ್ದುಹೋಗುತ್ತದೆ. ಇನ್ನೊಂದು, ಎಣ್ಣೆ ಹಾಕಿ ಓಡಿಸುವ ಕಂಪ್ರೆಸರ್. ಹಳೆ ಫ್ರಿಜ್ಜಿನ ಕಂಪ್ರೆಸರ್ ಬಿಚ್ಚಿ ಮಾಡಿಕೊಳ್ಳುವ ಉಪಾಯ ಕೆಲವರು ಹೇಳುತ್ತಾರೆ. ಗೊಂಬೆಗೆ ಬಣ್ಣ ಹೊಡೆಯಲು ಇರಬಹುದು, ಕೇಕಿಗೆ ಬೇಡ, ಗಾಳಿಯ ಜೊತೆ ಎಣ್ಣೆಯ ತುಂತುರೂ ಬರುತ್ತದೆ.

ಹಾಗಾದರೆ ಯಾವುದು ಕೊಳ್ಳಬೇಕು? ಅಪರೂಪಕ್ಕೆ ಮನೆ ಮಕ್ಕಳ ಹುಟ್ಟುಹಬ್ಬಕ್ಕೆ ಕೇಕ್ ಮಾಡುವವರಿಗೆ ಬ್ಯಾಟರಿಯದೂ ನಡೆಯುತ್ತದೆ, ಬಣ್ಣ ಇಳಿಸುವುದು, ಸ್ಟೆನ್ಸಿಲ್ ಎರಡೂ ಅದರಲ್ಲಿ ಆಗುತ್ತವೆ. ಆದರೆ ಬ್ಯಾಟರಿ ಇಳಿದಂತೆ ಗಾಳಿಯೂ ಬಡವಾಗಬಹುದು, ಮತ್ತು ಕೆಲವದರಲ್ಲಿ ಬ್ಯಾಟರಿ ಬದಲಾಯಿಸಲು ಬರುವುದೇ ಇಲ್ಲ, ಸತ್ತರೆ ಇಡೀ ಯಂತ್ರ ಕಸಕ್ಕೆ. ವಾರಕ್ಕೊಂದಾದರೂ ಕೇಕ್ ಮಾಡುವವರು, ಆರ್ಡರ್ ತೆಗೆದುಕೊಳ್ಳುವವರು, ಸ್ವಲ್ಪ ಕಷ್ಟವಾದರೂ ಪಿಸ್ಟನ್ ಕಂಪ್ರೆಸರ್ ತೆಗೆದುಕೊಳ್ಳಿ. ಒತ್ತಡ ಹೊಂದಿಸುವ ರೆಗ್ಯುಲೇಟರ್, ಒತ್ತಡ ತೋರಿಸುವ ಮೀಟರ್, ಮಾಯಿಶ್ಚರ್ ಟ್ರ್ಯಾಪ್ ಮೂರೂ ಇರಲಿ. ಟ್ಯಾಂಕ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ. ನಡುವಿನ ಪುಟ್ಟ ಕಿಟ್ ಕಲಿಯಲು ಚೆನ್ನ, ಅದಕ್ಕಿಂತ ಹೆಚ್ಚು ನಿರೀಕ್ಷೆ ಬೇಡ.

ಹೆಜ್ಜೆ 3: ಗನ್ ಆರಿಸುವುದು

ಇಲ್ಲಿ ಧೈರ್ಯವಾಗಿ ದುಡ್ಡು ಉಳಿಸಿ. ಬೇಕಾದ್ದು ಇಷ್ಟು: ಡ್ಯುಯಲ್ ಆ್ಯಕ್ಷನ್, ಮೇಲೆ ಬಣ್ಣ ಹಾಕುವ ಕಪ್ ಇರುವುದು, ನಾಜಲ್ 0.3 ಅಥವಾ 0.4 ಮಿ.ಮೀ.

ಸಿಂಗಲ್ ಆ್ಯಕ್ಷನ್ ಗನ್ನಿನಲ್ಲಿ ಟ್ರಿಗರ್ ಒತ್ತಿದರೆ ಗಾಳಿ, ಬಣ್ಣ ಎರಡೂ ಒಟ್ಟಿಗೆ ಬರುತ್ತವೆ, ಬಣ್ಣ ಎಷ್ಟು ಬರಬೇಕು ಅನ್ನುವುದನ್ನು ಮೊದಲೇ ತಿರುಪು ತಿರುಗಿಸಿ ಇಟ್ಟುಕೊಂಡಿರಬೇಕು. ಡ್ಯುಯಲ್ ಆ್ಯಕ್ಷನ್‌ನಲ್ಲಿ ಕೆಳಗೆ ಒತ್ತಿದರೆ ಬರೀ ಗಾಳಿ, ಒತ್ತಿದಂತೆಯೇ ಹಿಂದಕ್ಕೆ ಎಳೆದರೆ ಬಣ್ಣ. ಎಷ್ಟು ಎಳೆಯುತ್ತೀರೋ ಅಷ್ಟು ಬಣ್ಣ. ಕೈಗೆ ಒಗ್ಗಲು ಸ್ವಲ್ಪ ಸಮಯ ಬೇಕು, ನಿಜ. ಆದರೆ ಹಲವು ಡ್ಯುಯಲ್ ಆ್ಯಕ್ಷನ್ ಗನ್ನುಗಳ ಹಿಂಬದಿಯಲ್ಲಿ ಒಂದು ತಿರುಪು ಇರುತ್ತದೆ, ಅದನ್ನು ಬಿಗಿ ಮಾಡಿದರೆ ಟ್ರಿಗರ್ ಇಷ್ಟಕ್ಕಿಂತ ಹಿಂದೆ ಹೋಗುವುದಿಲ್ಲ. ಕಲಿಯುವಾಗ ಅದನ್ನು ಬಿಗಿಯಾಗಿಟ್ಟರೆ ಒಮ್ಮೆಲೇ ಬಣ್ಣ ಸುರಿಯುವ ಭಯವಿಲ್ಲ. ಹಾಗಾಗಿ ಸಿಂಗಲ್ ಆ್ಯಕ್ಷನ್ ಕೊಳ್ಳಲು ಒಳ್ಳೆಯ ಕಾರಣ ನನಗಂತೂ ಕಾಣುವುದಿಲ್ಲ. ಬೆರಳು ಬೇಗ ನೋಯುವವರು ಪಿಸ್ತೂಲಿನ ಹಾಗೆ ಹಿಡಿಯುವ ಗನ್ ನೋಡಬಹುದು. ಅದರಲ್ಲಿ ಟ್ರಿಗರ್ ಸ್ವಲ್ಪ ಎಳೆದಾಗ ಗಾಳಿ, ಇನ್ನಷ್ಟು ಎಳೆದಾಗ ಬಣ್ಣ.

ಕಪ್ ಮೇಲಿದ್ದರೆ ಬಣ್ಣ ತಾನಾಗಿ ಕೆಳಗಿಳಿಯುತ್ತದೆ, ಕಮ್ಮಿ ಒತ್ತಡ ಸಾಕು, ನಾಲ್ಕೇ ಹನಿ ಹಾಕಿಯೂ ಕೆಲಸ ಮಾಡಬಹುದು. ಕೆಳಗೆ ಬಾಟಲಿ ನೇತಾಡುವ ಬಗೆಯದಕ್ಕೆ ಬಣ್ಣವನ್ನು ಮೇಲಕ್ಕೆ ಹೀರಲು ಜಾಸ್ತಿ ಗಾಳಿ ಬೇಕು. ಪುಟ್ಟ ಕಂಪ್ರೆಸರ್ ಜೊತೆ ಅದು ಸರಿಹೋಗುವುದಿಲ್ಲ.

ನಾಜಲ್ ವಿಷಯಕ್ಕೆ ಬಂದರೆ, ಸಣ್ಣದಿದ್ದಷ್ಟು ಒಳ್ಳೆಯದು ಅನ್ನುವ ಭ್ರಮೆ ಬೇಡ. 0.2 ಮಿ.ಮೀ. ನಾಜಲ್ ತಿನ್ನುವ ಬಣ್ಣಕ್ಕೆ ಬೇಗ ಕಟ್ಟಿಕೊಳ್ಳುತ್ತದೆ. ಮುತ್ತಿನ ಹೊಳಪಿನ ಬಣ್ಣ, ಚಿನ್ನ, ಬೆಳ್ಳಿಯ ಬಣ್ಣಗಳಲ್ಲಿ ಹೊಳೆಯುವ ಸಣ್ಣ ಸಣ್ಣ ಕಣಗಳಿರುತ್ತವೆ, ಅವಕ್ಕೆ 0.4 ಅಥವಾ 0.5 ಬೇಕು. ಮೂರು ನಾಜಲ್ ಕೊಟ್ಟಿದ್ದಾರೆ ಅಂತ ಖುಷಿಪಡುವ ಮೊದಲು ಪ್ರತಿ ನಾಜಲ್‌ಗೂ ಅದರದೇ ಸೂಜಿ (ನಾಜಲ್‌ನ ಬಾಯಿ ತೆರೆದು ಮುಚ್ಚುವುದು ಇದೇ) ಕೊಟ್ಟಿದ್ದಾರಾ ನೋಡಿ. 0.3ರ ಸೂಜಿಯನ್ನು 0.5ರ ನಾಜಲ್‌ಗೆ ಹಾಕಿದರೆ ಬಾಯಿ ಸರಿಯಾಗಿ ಮುಚ್ಚದೆ ಬಣ್ಣ ಸೋರುತ್ತದೆ.

ಒಳಗಿನ ವಾಷರ್‌ಗಳು ಪಿಟಿಎಫ್‌ಇ, ಅಂದರೆ ಟೆಫ್ಲಾನ್ ಆಗಿದ್ದರೆ ಉತ್ತಮ. ಆಲ್ಕೋಹಾಲ್ ಇರುವ ಬಣ್ಣ ಬಳಸಿದರೆ ಮಾಮೂಲಿ ರಬ್ಬರ್ ಬೇಗ ಹಾಳಾಗಬಹುದು.

ಕೊನೆಯದಾಗಿ ಪೈಪು ಸಿಕ್ಕಿಸುವ ಜಾಗದ ಮರೆ, ಅಂದರೆ ತಿರುಪಿನ ಥ್ರೆಡ್. ಇದನ್ನು ಯಾರೂ ನೋಡುವುದಿಲ್ಲ, ಆಮೇಲೆ ಒದ್ದಾಡುತ್ತಾರೆ. ತುಂಬ ಕಡೆ ಬಳಕೆಯಲ್ಲಿರುವುದು 1/8 ಇಂಚಿನ ‘ಬಿಎಸ್‌ಪಿ’ ಅನ್ನುವ ಅಳತೆಯ ಮರೆ, ಇವಾಟಾ ಕಂಪನಿಯ ಗನ್ನುಗಳಲ್ಲೂ ಅದೇ. ಬ್ಯಾಡ್ಜರ್, ಪಾಶೆ ಕಂಪನಿಗಳ ಮರೆ ಬೇರೆ, ಅವಕ್ಕೆ ಅಡಾಪ್ಟರ್ ಬೇಕು. ಕೆಲವು ಅಗ್ಗದ ಕೇಕ್ ಕಿಟ್‌ಗಳಲ್ಲಿ ಅವರದೇ ಗನ್ ಬಿಟ್ಟು ಬೇರೆ ಯಾವುದೂ ಕೂರುವುದಿಲ್ಲ. 1/8 ಮರೆ ಇದ್ದರೆ ನಾಳೆ ಗನ್ ಕೆಟ್ಟಾಗ ಗನ್ನನ್ನಷ್ಟೇ ಬದಲಾಯಿಸಬಹುದು.

ಹೆಜ್ಜೆ 4: ಡಬ್ಬ ಬಿಚ್ಚಿದ ದಿನವೇ ಪರೀಕ್ಷೆ

ವಾಪಸ್ ಕೊಡುವ ಅವಧಿ ಮುಗಿಯುವ ಮೊದಲೇ ಇದನ್ನು ಮಾಡಿ ಮುಗಿಸಿ. ಬಣ್ಣ ಬೇಡ, ನೀರು ಸಾಕು.

ಮೊದಲು ಸೂಜಿಯನ್ನು ಹಿಂದಿನಿಂದ ನಿಧಾನ ಹೊರಗೆಳೆದು, ತುದಿಯನ್ನು ಹತ್ತಿಯ ಮೇಲೆ ಹಿಂದಕ್ಕೆ ಎಳೆಯುತ್ತಾ ತಿರುಗಿಸಿ. ಹತ್ತಿಯ ಎಳೆ ಸಿಕ್ಕಿಕೊಂಡರೆ ತುದಿ ಕೊಕ್ಕೆಯಾಗಿದೆ ಅಂತ ಅರ್ಥ. ಆಮೇಲೆ ಸೂಜಿ ವಾಪಸ್ ಹಾಕಿ ಎಲ್ಲ ಜೋಡಿಸಿ, ಕಂಪ್ರೆಸರ್ ಆನ್ ಮಾಡಿ, ಪೈಪಿನ ಎರಡೂ ತುದಿಗೆ ಸೋಪು ನೀರು ಸವರಿ. ಗುಳ್ಳೆ ಎದ್ದರೆ ಗಾಳಿ ಸೋರುತ್ತಿದೆ. ಸ್ವಲ್ಪ ಬಿಗಿ ಮಾಡಿ ನೋಡಿ, ನಿಲ್ಲದಿದ್ದರೆ ವಾಷರ್ ಸರಿಯಿಲ್ಲ.

ಈಗ ಕಪ್ಪಿಗೆ ನೀರು ಹಾಕಿ ಟ್ರಿಗರ್ ಕೆಳಗೆ ಒತ್ತಿ, ಹಿಂದಕ್ಕೆ ಎಳೆಯಬೇಡಿ. ತುದಿಯಿಂದ ಬರೀ ಗಾಳಿ ಬರಬೇಕು. ನೀರೂ ಬಂದರೆ ಸೂಜಿ ಪೂರ್ತಿ ಮುಂದೆ ಕೂತಿಲ್ಲ. ಕಪ್ಪಿನಲ್ಲಿ ಗುಳುಗುಳು ಗುಳ್ಳೆ ಬಂದರೆ ನಾಜಲ್ ಸಡಿಲ ಅಥವಾ ಸೀಳಿದೆ. ಕಾಗದದ ಮೇಲೆ ಹೊಡೆದಾಗ ಗುರುತು ದುಂಡಗಿರಬೇಕು, ಒಂದೇ ಪಕ್ಕಕ್ಕೆ ವಾಲಿದರೆ ಸೂಜಿ ಬಾಗಿರಬಹುದು. ಕೊನೆಗೆ ಹತ್ತು ನಿಮಿಷ ಬಿಟ್ಟು ಬಿಟ್ಟು ಓಡಿಸಿ, ಕಂಪ್ರೆಸರ್ ಎಷ್ಟು ಬಿಸಿಯಾಗುತ್ತದೆ, ಎಷ್ಟು ಸದ್ದು ಮಾಡುತ್ತದೆ ನೋಡಿ. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಕೇಕ್ ಮಾಡುವವರಿಗೆ ಸದ್ದು ಸಣ್ಣ ವಿಷಯವಲ್ಲ, ಅಲ್ವಾ?

ಎಲ್ಲ ಸರಿಯಿದ್ದರೆ ಬಿಸಿ ನೀರು ಹಾಯಿಸಿ ಒಳಗೆಲ್ಲ ತೊಳೆಯಿರಿ. ಹೊಸ ಗನ್ನಿನಲ್ಲಿ ಕಾರ್ಖಾನೆಯ ಗ್ರೀಸು ಉಳಿದಿರಬಹುದು.

ಹೆಜ್ಜೆ 5: ಬಣ್ಣ

ಏರ್‌ಬ್ರಶ್‌ಗೆಂದೇ ಮಾಡಿದ ತೆಳು ಬಣ್ಣ ಕೊಳ್ಳಿ. ಹಾಲಿನಷ್ಟು ತೆಳ್ಳಗಿರಬೇಕು. ಮನೆಯಲ್ಲಿರುವ ಜೆಲ್ ಕಲರ್ ಹಾಗೇ ಹಾಕಿದರೆ ಅದರ ಅಂಟು ನಾಜಲ್‌ನಲ್ಲಿ ಕಟ್ಟಿಕೊಳ್ಳುತ್ತದೆ. ತುರ್ತಿಗೆ ಜೆಲ್ಲನ್ನು ನೀರಿನಲ್ಲೋ ವೋಡ್ಕಾದಲ್ಲೋ ಕರಗಿಸಿ, ತೆಳು ಬಟ್ಟೆಯಲ್ಲಿ ಸೋಸಿ ಹಾಕಬಹುದು. ರೂಢಿ ಮಾಡಿಕೊಳ್ಳಬೇಡಿ. ಚಾಕಲೇಟ್ ಮೇಲೆ ಹೊಡೆಯುವ ಕೋಕೋ ಬೆಣ್ಣೆಯ ಬಣ್ಣ ಬೇರೆಯದೇ ವಿಷಯ, ಗನ್ ಬೆಚ್ಚಗಿಲ್ಲದಿದ್ದರೆ ಅದು ಒಳಗೇ ಹೆಪ್ಪುಗಟ್ಟುತ್ತದೆ.

ಹೊಳಪಿನ ಪುಡಿಗಳ ವಿಷಯದಲ್ಲಿ ಹುಷಾರು. ಲೇಬಲ್ ಮೇಲೆ ‘ನಾನ್ ಟಾಕ್ಸಿಕ್’ ಅಂತಿದ್ದರೆ ತಿನ್ನಬಹುದು ಅಂತ ಅರ್ಥವಲ್ಲ. ‘ಎಡಿಬಲ್’ ಅಂತಲೇ ಇರಬೇಕು, ಏನೇನು ಹಾಕಿದ್ದಾರೆ ಅನ್ನುವ ಪಟ್ಟಿಯೂ ಇರಬೇಕು. 2018ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನಲ್ಲಿ ಹುಟ್ಟುಹಬ್ಬದ ಕೇಕ್ ತಿಂದ ಆರು ಮಕ್ಕಳು ವಾಂತಿ ಭೇದಿಯಿಂದ ನರಳಿದ್ದರು. ಕೇಕಿನ ಮೇಲಿದ್ದ ಹೊಳಪಿನ ಪುಡಿಯಲ್ಲಿ ತುಂಬಿದ್ದದ್ದು ತಾಮ್ರ.

ಹೆಜ್ಜೆ 6: ಮೊದಲು ಕಾಗದ, ಆಮೇಲೆ ಕೇಕ್

ಟಿಶ್ಯೂ ಕಾಗದದ ಮೇಲೆ ಶುರು ಮಾಡಿ. ಅಭ್ಯಾಸ ಮಾಡಬೇಕಾದ್ದು ಒಂದೇ: ಗಾಳಿ ಮೊದಲು ಬರಬೇಕು, ಕೊನೆಗೆ ಹೋಗಬೇಕು. ಅಂದರೆ ಟ್ರಿಗರ್ ಒತ್ತಿ, ಎಳೆದು, ಗೆರೆ ಮುಗಿದ ಮೇಲೆ ಮೊದಲು ಮುಂದಕ್ಕೆ ತಂದು ಬಣ್ಣ ನಿಲ್ಲಿಸಿ, ಆಮೇಲೆ ಬೆರಳು ಮೇಲೆತ್ತಿ. ಥಟ್ಟನೆ ಕೈ ಬಿಟ್ಟರೆ ಸೂಜಿಯ ತುದಿಯಲ್ಲಿ ಒಂದು ಹನಿ ಬಣ್ಣ ಉಳಿದುಬಿಡುತ್ತದೆ, ಮುಂದಿನ ಸಲ ಟ್ರಿಗರ್ ಒತ್ತಿದ ಕೂಡಲೇ ಅದು ಟಪ್ ಅಂತ ಕೇಕಿನ ಮೇಲೆ ಉಗುಳುತ್ತದೆ. ಹೊಸಬರು ಗನ್ನನ್ನು ಬೈಯುವುದು ಹೆಚ್ಚಾಗಿ ಇದಕ್ಕೇ, ತಪ್ಪು ಗನ್ನಿನದಲ್ಲ. ಅನುಭವ ಇದ್ದವರೂ ಪ್ರತಿ ಸಲ ಕೇಕಿನ ಪಕ್ಕಕ್ಕೆ ಒಮ್ಮೆ ಹೊಡೆದು ನೋಡಿ ಆಮೇಲೆ ಕೇಕಿನ ಕಡೆ ತಿರುಗಿಸುತ್ತಾರೆ.

ಅಗಲವಾಗಿ ಬಳಿಯುವಾಗ 15ರಿಂದ 20 ಸೆಂ.ಮೀ. ದೂರ, ಗೆರೆಗೆ 3ರಿಂದ 5 ಸೆಂ.ಮೀ. ಕೈ ಸದಾ ಚಲಿಸುತ್ತಿರಬೇಕು, ಒಂದೇ ಕಡೆ ನಿಂತರೆ ಬಣ್ಣ ಕೆರೆ ಕಟ್ಟುತ್ತದೆ. ತೆಳ್ಳಗೆ ಹೊಡೆದು, ಆರಲು ಬಿಟ್ಟು, ಮತ್ತೆ ಹೊಡೆಯಿರಿ. ತಿಳಿ ಬಣ್ಣ ಮೊದಲು, ಗಾಢ ಆಮೇಲೆ. ಕೆಂಪು ಅಥವಾ ಕಪ್ಪು ಕೇಕ್ ಬೇಕಾದರೆ ಬಿಳಿ ಕ್ರೀಮಿನ ಮೇಲೆ ಏರ್‌ಬ್ರಶ್ ಹೊಡೆಯುತ್ತಾ ಕೂರುವುದು ಮೂರ್ಖತನ. ಕ್ರೀಮಿಗೇ ಬಣ್ಣ ಕಲಸಿ, ಏರ್‌ಬ್ರಶ್ಶಿನಿಂದ ಮೇಲಿನ ನೆರಳು ಮಾತ್ರ ಕೊಡಿ.

ಬಣ್ಣದ ಮಂಜು ನೀವು ಅಂದುಕೊಂಡದ್ದಕ್ಕಿಂತ ದೂರ ಹೋಗುತ್ತದೆ. ಗೋಡೆ, ಮೇಜು, ಪಕ್ಕದಲ್ಲಿಟ್ಟ ಇನ್ನೊಂದು ಕೇಕ್ ಯಾವುದನ್ನೂ ಬಿಡುವುದಿಲ್ಲ. ದೊಡ್ಡ ರಟ್ಟಿನ ಡಬ್ಬದ ಒಂದು ಪಕ್ಕ ಕತ್ತರಿಸಿ ಅದರೊಳಗೆ ಕೇಕ್ ಇಡಿ. ಫ್ಯಾನ್ ಆಫ್ ಮಾಡಿ, ಕಿಟಕಿ ತೆರೆದಿಡಿ, ಮಾಸ್ಕ್ ಹಾಕಿಕೊಳ್ಳಿ. ತಿನ್ನುವ ಬಣ್ಣವೇ ಆದರೂ ಉಸಿರಾಡಲು ಮಾಡಿದ್ದಲ್ಲ.

ಹೆಜ್ಜೆ 7: ತೊಳೆಯುವುದು

ಅಗ್ಗದ ಗನ್ ದುಬಾರಿ ಗನ್ನಿನಷ್ಟೇ ಬಾಳುವುದು ತೊಳೆದರೆ ಮಾತ್ರ. ಬಣ್ಣ ಬದಲಾಯಿಸಿದಾಗಲೆಲ್ಲ ಕಪ್ ಖಾಲಿ ಮಾಡಿ, ಉಗುರುಬೆಚ್ಚಗಿನ ನೀರು ಹಾಕಿ, ಟಿಶ್ಯೂ ಮೇಲೆ ನೀರು ತಿಳಿಯಾಗಿ ಬರುವ ತನಕ ಹೊಡೆಯಿರಿ. ನಡುವೆ ಒಮ್ಮೆ ಮಡಿಸಿದ ಬಟ್ಟೆಯಿಂದ ತುದಿಯನ್ನು ಮೆಲ್ಲಗೆ ಮುಚ್ಚಿ ಟ್ರಿಗರ್ ಎಳೆದರೆ ಗಾಳಿ ಹಿಂದಕ್ಕೆ ಹೋಗಿ ಕಪ್ಪಿನಲ್ಲಿ ಗುಳ್ಳೆ ಏಳುತ್ತದೆ, ಸಂದಿಯಲ್ಲಿ ಕೂತ ಬಣ್ಣವೂ ಕಿತ್ತು ಬರುತ್ತದೆ.

ದಿನದ ಕೆಲಸ ಮುಗಿದ ಮೇಲೆ ಸೂಜಿ ಹೊರಗೆ ತೆಗೆದು, ಹಿಂದಿನಿಂದ ತುದಿಯ ಕಡೆಗೆ ಒರೆಸಿ. ಉಲ್ಟಾ ಒರೆಸಿದರೆ ತುದಿ ಬಾಗುತ್ತದೆ, ಬೆರಳಿಗೂ ಚುಚ್ಚುತ್ತದೆ. ನಾಜಲ್ ಕಳಚಿದರೆ ಕೆಳಗೆ ತಟ್ಟೆ ಇಟ್ಟುಕೊಳ್ಳಿ, ಅಕ್ಕಿ ಕಾಳಿಗಿಂತ ಸಣ್ಣದು, ಸಿಂಕಿಗೆ ಬಿದ್ದರೆ ಹೋಯಿತು. ವಾಪಸ್ ಹಾಕುವಾಗ ಸ್ಪ್ಯಾನರ್‌ನಿಂದ ಬಲ ಹಾಕಿ ಬಿಗಿ ಮಾಡಿದರೆ ಕತ್ತು ಮುರಿಯುತ್ತದೆ. ಇಡೀ ಗನ್ನನ್ನು ನೀರಿನಲ್ಲಿ ನೆನೆಹಾಕಬೇಡಿ, ಕೆಳಗಿನ ವಾಲ್ವಿಗೆ ನೀರು ಹೋಗುತ್ತದೆ. ಒಣಗಿದ ಬಣ್ಣಕ್ಕೆ ಕಪ್ಪಿನಲ್ಲಷ್ಟೇ ಬಿಸಿ ನೀರು ಹಾಕಿ ಸ್ವಲ್ಪ ಹೊತ್ತು ಬಿಡಿ.

ಹಳೆಯದು ಕೊಳ್ಳಬಹುದಾ?

ಕಂಪ್ರೆಸರ್ ಕೊಳ್ಳಬಹುದು, ಗನ್ ಬೇಡ. ಹಿಂದಿನವರು ಗನ್ನಿನಲ್ಲಿ ಗೊಂಬೆಯ ಬಣ್ಣ ಹಾಕಿದ್ದರೋ ಗಾಡಿಯ ಬಣ್ಣ ಹಾಕಿದ್ದರೋ ಗೊತ್ತಾಗುವುದಿಲ್ಲ, ತೊಳೆದರೂ ಪೂರ್ತಿ ಹೋಗಿದೆ ಅಂತ ನಂಬುವ ಹಾಗಿಲ್ಲ. ನಿಮ್ಮ ಗನ್ನನ್ನೂ ಬೇರೆ ಕೆಲಸಕ್ಕೆ ಯಾರಿಗೂ ಕೊಡಬೇಡಿ. ಹೊಸ ಅಗ್ಗದ ಗನ್, ಅದರ ಜೊತೆ ಒಂದು ಹೆಚ್ಚುವರಿ ನಾಜಲ್, ಒಂದು ಸೂಜಿ, ಮತ್ತು ಒಬ್ಬರು ಬಳಸಿ ಬಿಟ್ಟ ಎಣ್ಣೆರಹಿತ ಪಿಸ್ಟನ್ ಕಂಪ್ರೆಸರ್: ಕಮ್ಮಿ ದುಡ್ಡಿನಲ್ಲಿ ಒಳ್ಳೆಯ ಕೆಲಸಕ್ಕೆ ಇದಕ್ಕಿಂತ ಚೆನ್ನಾದ ಜೋಡಿ ಸಿಗುವುದು ಕಷ್ಟ.

ನೋಡಲು ಹೋದಾಗ ಕಂಪ್ರೆಸರ್ ಓಡಿಸಿ, ಟ್ಯಾಂಕ್ ತುಂಬಿ ಮೋಟಾರ್ ನಿಂತ ಮೇಲೆ ಪ್ಲಗ್ ತೆಗೆದು, ಮಾತಾಡುತ್ತಾ ಹತ್ತು ನಿಮಿಷ ಕಳೆಯಿರಿ. ಮೀಟರಿನ ಮುಳ್ಳು ಇದ್ದಲ್ಲೇ ಇದ್ದರೆ ಸೋರಿಕೆ ಇಲ್ಲ. ಆಮೇಲೆ ಒತ್ತಡ ಇಳಿಸಿ ಟ್ಯಾಂಕಿನ ಕೆಳಗಿನ ತಿರುಪು ಬಿಚ್ಚಿಸಿ. ಸ್ವಲ್ಪ ತಿಳಿ ನೀರು ಬಂದರೆ ಚಿಂತೆಯಿಲ್ಲ. ಕಂದು ನೀರು ಬಂದರೆ ಟ್ಯಾಂಕ್ ಒಳಗೆ ತುಕ್ಕು ಹಿಡಿದಿದೆ, ಬೆಲೆ ಎಷ್ಟೇ ಇಳಿಸಿದರೂ ಬೇಡ ಅನ್ನಿ.